ಡಾಟ್ ಬೋರ್ಡೋ, ಸ್ಟ್ರಿಪ್‌ಬೋರ್ಡೋ? ಚಿಕ್ಕ ಸರ್ಕ್ಯೂಟ್‌ಗೆ ಲೇಔಟ್ ಹಾಕುವ ಮುನ್ನ

ಬೆಸುಗೆ ಇಲ್ಲದೆ ಭಾಗಗಳನ್ನು ಚುಚ್ಚಿ ಪರೀಕ್ಷಿಸುವ ಬ್ರೆಡ್‌ಬೋರ್ಡ್ ಮೇಲೆ ಸರ್ಕ್ಯೂಟ್ ಚೆನ್ನಾಗಿ ಓಡುತ್ತಿದೆ. ಇನ್ನು ಅದನ್ನು ಡಬ್ಬಿಯೊಳಗೆ ಕೂರಿಸಿ ದಿನಾ ಬಳಸುವ ವಸ್ತು ಮಾಡಬೇಕು. ಆಗ ಎರಡು ಪ್ರಶ್ನೆ ಎದುರಾಗುತ್ತವೆ. ಯಾವ ಬೋರ್ಡ್ ಮೇಲೆ ಬೆಸುಗೆ ಹಾಕೋದು, ಪ್ರತಿ ತೂತಿಗೂ ಬಿಡಿ ತಾಮ್ರದ ಚುಕ್ಕೆ ಇರುವ ಡಾಟ್ ಬೋರ್ಡೋ, ತೂತಿನ ಸಾಲುಗಳನ್ನು ಉದ್ದ ತಾಮ್ರದ ಪಟ್ಟಿಗಳು ಸೇರಿಸಿರುವ ಸ್ಟ್ರಿಪ್‌ಬೋರ್ಡೋ? ಯಾವ ಭಾಗ ಎಲ್ಲಿ ಕೂರಬೇಕು ಅಂತ ಯೋಜನೆ ಹಾಕೋದು ಹೇಗೆ, ಕಾಗದದ ಮೇಲಾ, ಕಂಪ್ಯೂಟರಲ್ಲಾ?

ಸಾಮಾನ್ಯವಾಗಿ ಏನಾಗುತ್ತದೆ ಅಂದ್ರೆ, ಅಂಗಡಿಯಲ್ಲಿ ಸಿಕ್ಕ ಬೋರ್ಡನ್ನು ತಂದು, ಐಸಿಯನ್ನು, ಅಂದ್ರೆ ಚಿಪ್ಪನ್ನು ನಡುವೆ ಚುಚ್ಚಿ, ಮಿಕ್ಕಿದ್ದನ್ನು ಕೈಗೆ ಬಂದ ಹಾಗೆ ಜೋಡಿಸುತ್ತಾ ಹೋಗುತ್ತಾರೆ. ಅರ್ಧ ಕೆಲಸ ಆದ ಮೇಲೆ ಜಾಗ ಸಾಲದು. ಅಲ್ಲಿಂದ ಮುಂದೆ ವೈರ್ ಮೇಲೆ ವೈರ್. ಇದನ್ನು ತಪ್ಪಿಸೋದು ಕಷ್ಟವೇನಲ್ಲ. ಉತ್ತರ ನಿಮ್ಮ ಸರ್ಕ್ಯೂಟ್ ಚಿತ್ರದಲ್ಲೇ ಇದೆ, ಅದನ್ನು ಎಣಿಸಬೇಕು ಅಷ್ಟೇ.

ಮೊದಲು ಜಂಕ್ಷನ್ ಎಣಿಸಿ

ಭಾಗಗಳನ್ನಲ್ಲ, ಜಂಕ್ಷನ್‌ಗಳನ್ನು ಎಣಿಸಿ. ಜಂಕ್ಷನ್ ಅಂದ್ರೆ ಭಾಗಗಳ ಎರಡೋ ಅದಕ್ಕಿಂತ ಹೆಚ್ಚೋ ಕಾಲುಗಳು ಬಂದು ಸೇರುವ ಜಾಗ. ಚಿತ್ರದಲ್ಲಿ ಒಂದೊಂದಕ್ಕೂ ಒಂದು ಹೆಸರು ಬರೆಯಿರಿ: ಗ್ರೌಂಡ್, ಪ್ಲಸ್, ಇನ್‌ಪುಟ್, ಔಟ್‌ಪುಟ್. ಪ್ರತಿ ಹೆಸರಿನ ಪಕ್ಕದಲ್ಲಿ ಅಲ್ಲಿಗೆ ಎಷ್ಟು ಕಾಲು ಸೇರುತ್ತವೆ ಅಂತ ಬರೆದುಕೊಳ್ಳಿ.

ಒಂದು ನಿಜವಾದ ಸರ್ಕ್ಯೂಟ್ ತೆಗೆದುಕೊಳ್ಳೋಣ. ಎಲ್‌ಎಂ386 ಐಸಿ ಹಾಕಿ ಮಾಡುವ ಚಿಕ್ಕ ಆಡಿಯೋ ಆಂಪ್ಲಿಫೈಯರ್. 9 ವೋಲ್ಟ್ ಬ್ಯಾಟರಿ, 8 ಓಮ್ ಸ್ಪೀಕರ್. ಗೇನ್‌ಗೆ, ಅಂದ್ರೆ ಸದ್ದು ಎಷ್ಟು ಪಟ್ಟು ಹಿಗ್ಗಬೇಕು ಅನ್ನೋದಕ್ಕೆ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಸ್ಪೀಕರ್‌ಗೆ ಹೋಗುವ ದಾರಿಯಲ್ಲಿ 220 ಮೈಕ್ರೋಫ್ಯಾರಡ್, ಔಟ್‌ಪುಟ್‌ನಿಂದ ಗ್ರೌಂಡ್‌ಗೆ 47 ನ್ಯಾನೋಫ್ಯಾರಡ್ ಜೊತೆ 10 ಓಮ್ ರೆಸಿಸ್ಟರ್, ಬ್ಯಾಟರಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್. ವಾಲ್ಯೂಮ್ ಕಂಟ್ರೋಲ್ ಬೋರ್ಡಿನ ಹೊರಗೆ, ಡಬ್ಬಿಯ ಮುಖದ ಮೇಲೆ.

ಎಣಿಸಿ ನೋಡಿ. ಗ್ರೌಂಡ್‌ಗೆ 8 ಕಾಲು ಬರುತ್ತವೆ: ಇನ್‌ಪುಟ್‌ನ ಗ್ರೌಂಡ್ ವೈರ್, ಐಸಿಯ 2ನೇ ಪಿನ್, 4ನೇ ಪಿನ್, 100 ನ್ಯಾನೋ, 100 ಮೈಕ್ರೋ, 10 ಓಮ್, ಸ್ಪೀಕರ್, ಬ್ಯಾಟರಿ. ಪ್ಲಸ್‌ಗೆ 4. ಔಟ್‌ಪುಟ್‌ಗೆ 3. ಉಳಿದ ಐದು ಜಂಕ್ಷನ್‌ಗಳಿಗೆ ತಲಾ ಎರಡೆರಡು.

ಈಗ ಇದನ್ನು ಡಾಟ್ ಬೋರ್ಡ್ ಮೇಲೆ ಕಟ್ಟಿದರೆ ಎಷ್ಟು ಕಡೆ ನೀವೇ ಕೈಯಾರೆ ಸೇತುವೆ ಹಾಕಬೇಕು? 8 ಕಾಲು ಸೇರಿಸಲು 7, 4 ಕಾಲಿಗೆ 3, 3 ಕಾಲಿಗೆ 2, ಎರಡೆರಡರ ಐದಕ್ಕೆ 5. ಒಟ್ಟು 17. ಅದೇ ಸರ್ಕ್ಯೂಟ್ ಸ್ಟ್ರಿಪ್‌ಬೋರ್ಡ್ ಮೇಲೆ 5 ಕಟ್ (ಪಟ್ಟಿಯನ್ನು ಕಡಿಯೋದು), 5 ಜಂಪರ್‌ನಲ್ಲಿ (ಪಟ್ಟಿಯಿಂದ ಪಟ್ಟಿಗೆ ಹಾಕುವ ಚಿಕ್ಕ ವೈರ್) ಮುಗಿಯುತ್ತದೆ. ಹೇಗೆ ಅಂತ ಮುಂದೆ ಪೂರ್ತಿ ತೋರಿಸುತ್ತೇನೆ.

ಒಂದು ಜಂಕ್ಷನ್‌ಗೆ ತುಂಬ ಕಾಲುಗಳು ಬಂದು ಸೇರುವ ಸರ್ಕ್ಯೂಟ್ ಆದರೆ ಸ್ಟ್ರಿಪ್‌ಬೋರ್ಡ್ ಗೆಲ್ಲುತ್ತದೆ. ಆಂಪ್ಲಿಫೈಯರ್, ಟೈಮರ್, ಸೆನ್ಸರ್ ಅಲಾರಂ, ಗಿಟಾರ್ ಪೆಡಲ್ ಎಲ್ಲ ಈ ಜಾತಿಯವು.

ಡಾಟ್ ಬೋರ್ಡ್ ಯಾವಾಗ ಗೆಲ್ಲುತ್ತದೆ

ಡಾಟ್ ಬೋರ್ಡಿನಲ್ಲಿ ಪ್ರತಿ ತೂತಿನ ಸುತ್ತಲೂ ತಾಮ್ರದ ಒಂದೊಂದು ಬಿಡಿ ಚುಕ್ಕೆ ಇರುತ್ತದೆ. ಯಾವುದೂ ಯಾವುದಕ್ಕೂ ಸೇರಿರೋದಿಲ್ಲ. ನೀವು ಸೇರಿಸಿದ್ದು ಮಾತ್ರ ಸೇರುತ್ತದೆ. ಇದು ಅದರ ಬಲ, ಇದೇ ಅದರ ತೊಡಕು.

ಇಎಸ್‌ಪಿ32 ತರಹದ ಮೈಕ್ರೋಕಂಟ್ರೋಲರ್ ಮಾಡ್ಯೂಲನ್ನು ಯೋಚಿಸಿ. 38 ಪಿನ್‌ನ ಬೋರ್ಡನ್ನು ಸ್ಟ್ರಿಪ್‌ಬೋರ್ಡ್ ಮೇಲೆ ಕೂರಿಸಿದರೆ ಎರಡು ಸಾಲಿನ ನಡುವೆ 19 ಪಟ್ಟಿಗಳನ್ನು ಕಡಿಯಬೇಕು. ಅಷ್ಟೆಲ್ಲಾ ಕಡಿದು ನೀವು ಬಳಸೋದು ಆರೇಳು ಪಿನ್ ಮಾತ್ರ. ಒಂದು ವೈರ್ ರಿಲೇಗೆ, ಒಂದು ಸೆನ್ಸರ್‌ಗೆ, ಒಂದು ಡಿಸ್‌ಪ್ಲೇಗೆ. ಇಲ್ಲಿ ಜಂಕ್ಷನ್‌ಗಳು ಕಡಿಮೆ, ಒಂದು ಪಿನ್‌ನಿಂದ ದೂರದ ಇನ್ನೊಂದು ಪಿನ್‌ಗೆ ಹೋಗುವ ವೈರ್‌ಗಳೇ ಜಾಸ್ತಿ. ಇಂಥದ್ದಕ್ಕೆ ಡಾಟ್ ಬೋರ್ಡೇ ಸರಿ. ಸುಮ್ನೆ ಪಟ್ಟಿ ಕಡಿಯುತ್ತಾ ಕೂರಬೇಡಿ.

ಬ್ರೆಡ್‌ಬೋರ್ಡಿನ ನಕ್ಷೆಯನ್ನೇ ತಾಮ್ರದಲ್ಲಿ ಅಚ್ಚು ಹಾಕಿದ ಇನ್ನೊಂದು ಬಗೆಯ ಬೋರ್ಡೂ ಸಿಗುತ್ತದೆ. ನಡುವೆ ಕಾಲುವೆ, ಎರಡೂ ಕಡೆ ಐದೈದು ತೂತಿನ ಸಾಲು, ಅಂಚಿನಲ್ಲಿ ಪವರ್ ಪಟ್ಟಿ. ಬ್ರೆಡ್‌ಬೋರ್ಡ್ ಮೇಲೆ ಹೇಗಿತ್ತೋ ಹಾಗೇ ಎತ್ತಿ ಇಲ್ಲಿ ಕೂರಿಸಬಹುದು. ಯೋಜನೆಯೇ ಬೇಡ. ಮೊದಲ ಸಲ ಬೆಸುಗೆ ಹಾಕುವವರಿಗೆ ಇದನ್ನೇ ಹೇಳುತ್ತೇನೆ. ಆದರೆ ಜಾಗ ತಿನ್ನುತ್ತದೆ, ಬೆಲೆಯೂ ಹೆಚ್ಚು.

ಸ್ವಂತ ಪಿಸಿಬಿ, ಅಂದ್ರೆ ನಿಮ್ಮ ಸರ್ಕ್ಯೂಟಿಗೆಂದೇ ತಾಮ್ರದ ದಾರಿಗಳನ್ನು ಅಚ್ಚು ಹಾಕಿದ ಬೋರ್ಡ್ ಮಾಡಿಸೋದು ಈಗ ಮುಂಚಿನಷ್ಟು ದುಬಾರಿಯಲ್ಲ. ಒಂದೇ ಸರ್ಕ್ಯೂಟಿನ ಮೂರ್ನಾಲ್ಕು ಪ್ರತಿ ಬೇಕು ಅಂದ್ರೆ, ಇಲ್ಲವೇ ತೂತಿಲ್ಲದೆ ಮೇಲ್ಮೈಗೇ ಬೆಸೆಯುವ ಸರ್ಫೇಸ್ ಮೌಂಟ್ ಭಾಗಗಳಿವೆ ಅಂದ್ರೆ ಯೋಚನೆ ಮಾಡದೆ ಪಿಸಿಬಿಗೆ ಹೋಗಿ. ಒಂದೇ ಪ್ರತಿ, ಅದೂ ಈ ಭಾನುವಾರವೇ ಬೇಕು ಅನ್ನುವವರಿಗೆ ಅದು ಹೊಂದೋದಿಲ್ಲ.

ಸ್ಟ್ರಿಪ್‌ಬೋರ್ಡ್ ಬೇಡವೇ ಬೇಡ ಅನ್ನುವ ಕೆಲಸಗಳು

ಎಲ್ಲಕ್ಕಿಂತ ಮೊದಲು ಮನೆಯ 230 ವೋಲ್ಟ್ ಕರೆಂಟ್. ಎರಡು ಪಟ್ಟಿಗಳ ನಡುವೆ ಇರುವ ಅಂತರ ಒಂದು ಮಿಲಿಮೀಟರ್ ಕೂಡ ಇಲ್ಲ. ಸ್ವಲ್ಪ ಫ್ಲಕ್ಸ್, ಸ್ವಲ್ಪ ಧೂಳು, ಮಳೆಗಾಲದ ತೇವ ಸಾಕು. ರಿಲೇ ಬೇಕಿದ್ದರೆ ಸಿದ್ಧ ರಿಲೇ ಮಾಡ್ಯೂಲ್ ತಂದು, ಅದನ್ನು ನಡೆಸುವ 5 ವೋಲ್ಟ್ ಭಾಗವನ್ನು ಮಾತ್ರ ಸ್ಟ್ರಿಪ್‌ಬೋರ್ಡ್ ಮೇಲೆ ಕಟ್ಟಿ. ಇದರಲ್ಲಿ ರಾಜಿ ಬೇಡ.

ಎರಡನೆಯದು ಹೆಚ್ಚು ಫ್ರೀಕ್ವೆನ್ಸಿ. ಪಕ್ಕಪಕ್ಕದ ಎರಡು ಉದ್ದ ಪಟ್ಟಿಗಳು ತಾವೇ ಒಂದು ಪುಟ್ಟ ಕೆಪಾಸಿಟರ್ ಆಗುತ್ತವೆ, ಕೆಲವು ಪಿಕೋಫ್ಯಾರಡ್‌ನಷ್ಟು. ಆಡಿಯೋದಲ್ಲಿ ಇದು ಗೊತ್ತೇ ಆಗೋದಿಲ್ಲ. ಆದರೆ ಎಫ್‌ಎಂ ರೇಡಿಯೋ ಬ್ಯಾಂಡ್ 88ರಿಂದ 108 ಮೆಗಾಹರ್ಟ್ಸ್. ಅಲ್ಲಿನ ಟ್ಯೂನಿಂಗ್ ಕೆಪಾಸಿಟರೇ ಕೆಲವು ಪಿಕೋಫ್ಯಾರಡ್ ಇರುತ್ತದೆ. ಬೋರ್ಡೇ ಅಷ್ಟು ಸೇರಿಸಿಬಿಟ್ಟರೆ ಸ್ಟೇಷನ್ ಎಲ್ಲಿ ಸಿಗಬೇಕು? ಅಂಥ ಸರ್ಕ್ಯೂಟನ್ನು ಖಾಲಿ ತಾಮ್ರದ ಹಾಳೆಯ ಮೇಲೆ, ಭಾಗಗಳನ್ನು ಗಾಳಿಯಲ್ಲೇ ಕಾಲಿಗೆ ಕಾಲು ಬೆಸೆದು ಕಟ್ಟೋದು ವಾಸಿ. ಹಾಗಂತ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುವ ಎಟಿಮೆಗಾ328 ಮೈಕ್ರೋಕಂಟ್ರೋಲರ್‌ಗೆ ಹೆದರಬೇಕಿಲ್ಲ. ಕ್ರಿಸ್ಟಲನ್ನು ಪಿನ್‌ಗೆ ಅಂಟಿಕೊಂಡ ಹಾಗೆ ಇಟ್ಟು, ಆ ಪಟ್ಟಿಗಳ ಉಳಿದ ಉದ್ದವನ್ನು ಕಡಿದುಬಿಟ್ಟರೆ ಚೆನ್ನಾಗೇ ಓಡುತ್ತದೆ.

ಮೂರನೆಯದು ಹೆಚ್ಚು ಕರೆಂಟ್. ಒಂದು ಆಂಪಿಯರ್ ದಾಟುವ ಕಡೆ ಬರೀ ಪಟ್ಟಿಯನ್ನು ನಂಬಬೇಡಿ. ಅದರ ಉದ್ದಕ್ಕೂ ತಾಮ್ರದ ವೈರ್ ಮಲಗಿಸಿ ಸೋಲ್ಡರ್ ತುಂಬಿ.

ಕೊಳ್ಳುವಾಗ ತಿರುಗಿಸಿ ನೋಡಿ

ಬೆಂಗಳೂರಿನ ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವೆರೋಬೋರ್ಡ್ ಕೊಡಿ ಅಂದ್ರೆ ಡಾಟ್ ಬೋರ್ಡನ್ನೇ ಕೈಗಿಡುವುದುಂಟು. ವೆರೋ ಅನ್ನೋದು 1960ರ ಸುಮಾರಿಗೆ ಬ್ರಿಟನ್ನಿನಲ್ಲಿ ಈ ಪಟ್ಟಿ ಬೋರ್ಡನ್ನು ಹೊರತಂದ ಕಂಪನಿ, ನಮ್ಮಲ್ಲಿ ಆ ಹೆಸರು ಎಲ್ಲ ತೂತಿನ ಬೋರ್ಡಿಗೂ ಅಂಟಿಕೊಂಡಿದೆ. ಹೆಸರು ಹೇಳಿ ಸುಮ್ಮನಾಗದೆ ಬೋರ್ಡನ್ನು ತಿರುಗಿಸಿ ತಾಮ್ರದ ಕಡೆ ನೋಡಿ. ಈ ತುದಿಯಿಂದ ಆ ತುದಿಗೆ ಉದ್ದ ಪಟ್ಟಿಗಳು ಕಂಡರೆ ಅದು ಬೇಕಾದದ್ದು.

ತೂತಿಂದ ತೂತಿಗೆ 2.54 ಮಿ.ಮೀ. ಇರಬೇಕು, ಅಂದ್ರೆ ಇಂಚಿನ ಹತ್ತನೇ ಒಂದು ಭಾಗ. ಅನುಮಾನ ಬಂದರೆ ಒಂದು ಐಸಿ ಸಾಕೆಟ್ ಇಟ್ಟು ನೋಡಿ, ಸಲೀಸಾಗಿ ಇಳಿಯಬೇಕು.

ಕಂದು ಬಣ್ಣದ ಬೋರ್ಡು, ಹಸಿರು ಗಾಜಿನೆಳೆಯ ಬೋರ್ಡು ಎರಡೂ ಸಿಗುತ್ತವೆ. ಕಂದು ಬಣ್ಣದ್ದು ಕಾಗದ ಮತ್ತು ಫೀನಾಲಿಕ್ ರೆಸಿನ್‌ನಿಂದ ಮಾಡಿದ್ದು. ಅಗ್ಗ, ಕತ್ತರಿಸಲು ಸುಲಭ. ಆದರೆ ಬಿಸಿ ಜಾಸ್ತಿ ಕೊಟ್ಟರೆ ತಾಮ್ರ ಎದ್ದು ಬರುತ್ತದೆ, ಅದೂ ಒಂದು ಭಾಗವನ್ನು ತೆಗೆದು ಮತ್ತೆ ಹಾಕುವಾಗ. ಗಾಜಿನೆಳೆಯದು ಗಟ್ಟಿ, ಎರಡು ಮೂರು ಸಲ ಬೆಸುಗೆ ಬಿಡಿಸಿದರೂ ತಡೆಯುತ್ತದೆ. ಪ್ರಯೋಗಕ್ಕೆ ಕಂದು ಸಾಕು. ಡಬ್ಬಿಗೆ ಹಾಕಿ ಬಳಸುವುದಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ಟು ಗಾಜಿನೆಳೆಯದ್ದೇ ತನ್ನಿ. ತಾಮ್ರ ಕಪ್ಪಾಗಿದ್ದರೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಿಂದ ಉಜ್ಜಿ ಹೊಳಪು ಬರಿಸಿ. ಹೊಳೆಯದ ತಾಮ್ರಕ್ಕೆ ಸೋಲ್ಡರ್ ಅಂಟೋದಿಲ್ಲ.

ಕಾಗದವೋ, ಕಂಪ್ಯೂಟರೋ

ಒಂದು ಐಸಿ, ಹತ್ತು ಹನ್ನೆರಡು ಭಾಗ ಇರುವ ಸರ್ಕ್ಯೂಟಾದರೆ ನನ್ನ ಮತ ಕಾಗದಕ್ಕೆ. ಮಕ್ಕಳ ಲೆಕ್ಕದ ಚೌಕುಳಿ ನೋಟ್‌ಬುಕ್ ಸಾಕು. ಗೆರೆ ಕೂಡುವ ಜಾಗ ಒಂದೊಂದೂ ಒಂದು ತೂತು. ಅಡ್ಡ ಗೆರೆಗಳು ಪಟ್ಟಿಗಳು. ಪೆನ್ಸಿಲ್‌ನಲ್ಲಿ ಹಾಕಿ, ರಬ್ಬರ್‌ನಲ್ಲಿ ಅಳಿಸಿ, ಮತ್ತೆ ಹಾಕಿ. ಕೈಯಲ್ಲಿ ಬಿಡಿಸುವಾಗ ಸರ್ಕ್ಯೂಟ್ ತಲೆಗೆ ಇಳಿಯುತ್ತದೆ. ಮುಂದೆ ಕೆಟ್ಟು ನಿಂತಾಗ ಎಲ್ಲಿ ಮುಟ್ಟಿ ನೋಡಬೇಕು ಅಂತ ಬೆರಳಿಗೇ ಗೊತ್ತಿರುತ್ತದೆ.

ಕಾಗದದ ದೊಡ್ಡ ಕೊರತೆ ಅಂದ್ರೆ ಅದು ತಪ್ಪು ತೋರಿಸೋದಿಲ್ಲ. ಒಂದು ಕಟ್ ಬಿಟ್ಟುಹೋದರೂ ಕಾಗದ ಸುಮ್ಮನಿರುತ್ತದೆ. ಇನ್ನೊಂದು, ಭಾಗಗಳ ಗಾತ್ರ. ಚುಕ್ಕೆ ಹಾಕಿ ಗೀಟು ಎಳೆದರೆ ಕೆಪಾಸಿಟರ್ ಕೂತಂತೆ ಕಾಣುತ್ತದೆ. ಆದರೆ 220 ಮೈಕ್ರೋಫ್ಯಾರಡ್‌ನ ಹೊಟ್ಟೆ 8 ಮಿ.ಮೀ. ಇದ್ದರೆ ಅಕ್ಕಪಕ್ಕದ ಮೂರು ಸಾಲನ್ನು ಅದೇ ಮುಚ್ಚುತ್ತದೆ. ಹಾಗಾಗಿ ಕಾಗದದ ಮೇಲೆ ಪ್ರತಿ ಭಾಗದ ಹೊಟ್ಟೆಯನ್ನೂ ಅಳತೆಗೆ ಸರಿಯಾಗಿ ಬಿಡಿಸಿ. ಭಾಗಗಳು ಕೈಯಲ್ಲಿ ಇರುವಾಗಲೇ ಲೇಔಟ್ ಹಾಕಿ, ತರುವ ಮೊದಲು ಬೇಡ.

ಕಂಪ್ಯೂಟರ್‌ನಲ್ಲಿ ಮೂರು ಹೆಸರು ಗೊತ್ತಿದ್ದರೆ ಸಾಕು. ಡಿಐವೈ ಲೇಔಟ್ ಕ್ರಿಯೇಟರ್ ಉಚಿತ, ಚಿತ್ರ ಸುಂದರ, ಭಾಗಗಳು ನಿಜವಾದ ಗಾತ್ರದಲ್ಲಿ ಕಾಣುತ್ತವೆ. ಗಿಟಾರ್ ಪೆಡಲ್ ಮಾಡುವವರಿಗೆ ಅಚ್ಚುಮೆಚ್ಚು. ಆದರೆ ಅದು ಮುಖ್ಯವಾಗಿ ಚಿತ್ರ ಬಿಡಿಸುವ ಸಾಧನ, ಅಂದವಾದ ನೋಟ್‌ಬುಕ್ ಅನ್ನಿ. ಫ್ರಿಟ್ಜಿಂಗ್‌ನಲ್ಲೂ ಸ್ಟ್ರಿಪ್‌ಬೋರ್ಡ್ ಇದೆ, ಪಟ್ಟಿ ಕಡಿಯಲೂಬಹುದು. ಬ್ರೆಡ್‌ಬೋರ್ಡ್ ಚಿತ್ರ ಅದರಲ್ಲೇ ಮಾಡಿದ್ದರೆ ಮುಂದುವರಿಸಿ. ಸಿದ್ಧ ಡೌನ್‌ಲೋಡ್‌ಗೆ ಹಣ ಕೊಡಬೇಕು.

ಮೂರನೆಯದು ವೆರೋರೂಟ್. ಇದೂ ಉಚಿತ. ಮೂರರಲ್ಲಿ ನಾನು ಒತ್ತಿ ಹೇಳೋದು ಇದನ್ನೇ. ಯಾವ ಪಿನ್ ಯಾವುದಕ್ಕೆ ಸೇರಬೇಕು ಅಂತ ಮೊದಲೇ ತಿಳಿಸಿಬಿಡುತ್ತೀರಿ. ಆಮೇಲೆ ನೀವು ಭಾಗ ಸರಿಸಿದ ಹಾಗೆಲ್ಲ ಯಾವುದು ಸೇರಿದೆ, ಯಾವುದು ಇನ್ನೂ ಬಾಕಿ ಅಂತ ತೋರಿಸುತ್ತಲೇ ಇರುತ್ತದೆ. ಪಟ್ಟಿಗಳಿಗೆ ಜಂಕ್ಷನ್ ಪ್ರಕಾರ ಬಣ್ಣ ಕೊಡುತ್ತದೆ. ನೋಡಲು ಸೊಗಸಾಗಿಲ್ಲ, ಕಲಿಯಲು ಒಂದು ಸಂಜೆ ಹಿಡಿಯುತ್ತದೆ. ಆದರೆ ಬಿಟ್ಟುಹೋದ ಕನೆಕ್ಷನ್ ತೋರಿಸಿಕೊಡುವುದಕ್ಕಿಂತ ದೊಡ್ಡ ಉಪಕಾರ ಇನ್ನೇನು ಬೇಕು?

ಒಂದು ಐಸಿಗೆ ಕಾಗದ. 555 ಟೈಮರ್ ಜೊತೆ 4017 ಕೌಂಟರ್ ಸೇರಿಸಿ ಎಲ್‌ಇಡಿ ಓಡಿಸುವಂಥ ಎರಡು ಐಸಿ ಸರ್ಕ್ಯೂಟ್‌ಗೆ ವೆರೋರೂಟ್. ನಾಲ್ಕು ಐಸಿ ದಾಟಿದರೆ ಸ್ಟ್ರಿಪ್‌ಬೋರ್ಡನ್ನೇ ಬಿಟ್ಟು ಪಿಸಿಬಿ. ಇದು ನನ್ನ ಲೆಕ್ಕ.

ಪಟ್ಟಿಗೆ ಹೆಸರು ಕೊಡಿ: ಎಲ್‌ಎಂ386 ಲೇಔಟ್

ಭಾಗಗಳನ್ನು ಇಡುತ್ತಾ ಹೋಗೋದು ಒಂದು ದಾರಿ. ಪಟ್ಟಿಗಳನ್ನು ಜಂಕ್ಷನ್‌ಗಳಿಗೆ ಹಂಚುತ್ತಾ ಹೋಗೋದು ಇನ್ನೊಂದು. ಎರಡನೆಯದೇ ಸರಿ ದಾರಿ. ಯಾವ ಪಟ್ಟಿ ಯಾರದ್ದು ಅಂತ ತೀರ್ಮಾನ ಆದರೆ ಭಾಗಗಳು ತಾವಾಗಿ ಜಾಗ ಹುಡುಕಿಕೊಳ್ಳುತ್ತವೆ.

ಐಸಿಯಿಂದ ಶುರು. ಪಟ್ಟಿಗಳು ಅಡ್ಡಕ್ಕೆ ಓಡುತ್ತಿವೆ, ಐಸಿ ಉದ್ದಕ್ಕೆ ನಿಂತಿದೆ, ಅದರ ಗುರುತಿನ ಕಚ್ಚು ಮೇಲಕ್ಕಿದೆ ಅಂದುಕೊಳ್ಳಿ. ಎಡಕ್ಕೆ ಮೇಲಿಂದ ಕೆಳಗೆ 1, 2, 3, 4. ಬಲಕ್ಕೆ ಮೇಲಿಂದ ಕೆಳಗೆ 8, 7, 6, 5. ಎರಡು ಸಾಲಿನ ನಡುವೆ 7.62 ಮಿ.ಮೀ., ಅಂದ್ರೆ ನಡುವೆ ಎರಡು ತೂತು ಖಾಲಿ. ಅದರಲ್ಲಿ ಒಂದು ತೂತಿನ ಮೇಲೆ ನಾಲ್ಕೂ ಪಟ್ಟಿಗಳನ್ನು ಕಡಿಯಬೇಕು. ಹಾಗೆ ಕಡಿದರೆ ನಾಲ್ಕು ಪಟ್ಟಿ ಎಂಟು ತುಂಡಾಗುತ್ತವೆ, ಎಂಟು ಪಿನ್‌ಗೆ ಒಂದೊಂದು.

ಒಟ್ಟು 9 ಪಟ್ಟಿ, 25 ತೂತಿನ ಉದ್ದ ಸಾಕು. ಸುಮಾರು 23 ಮಿ.ಮೀ. ಅಗಲ, 64 ಮಿ.ಮೀ. ಉದ್ದ. ಹಂಚಿಕೆ ಹೀಗಿದೆ:

ಪಟ್ಟಿ 1: ಪ್ಲಸ್ 9 ವೋಲ್ಟ್
ಪಟ್ಟಿ 2: ಎಡಭಾಗ ಗೇನ್ ಕೆಪಾಸಿಟರ್‌ಗೆ, ಬಲತುದಿ ಗ್ರೌಂಡ್‌ಗೆ
ಪಟ್ಟಿ 3: ಎಡಕ್ಕೆ ಪಿನ್ 1, ಬಲಕ್ಕೆ ಪಿನ್ 8
ಪಟ್ಟಿ 4: ಎಡಕ್ಕೆ ಪಿನ್ 2, ಬಲಕ್ಕೆ ಪಿನ್ 7
ಪಟ್ಟಿ 5: ಎಡಕ್ಕೆ ಪಿನ್ 3, ಅಂದ್ರೆ ಇನ್‌ಪುಟ್, ಬಲಕ್ಕೆ ಪಿನ್ 6, ಪ್ಲಸ್
ಪಟ್ಟಿ 6: ಎಡಕ್ಕೆ ಪಿನ್ 4, ಗ್ರೌಂಡ್; ಬಲಕ್ಕೆ ಪಿನ್ 5, ಔಟ್‌ಪುಟ್
ಪಟ್ಟಿ 7: ಸ್ಪೀಕರ್
ಪಟ್ಟಿ 8: 47 ನ್ಯಾನೋ ಮತ್ತು 10 ಓಮ್ ಸೇರುವ ಜಾಗ
ಪಟ್ಟಿ 9: ಗ್ರೌಂಡ್

ಈ ಹಂಚಿಕೆಯಲ್ಲಿ ನೋಡಲೇಬೇಕಾದ ಜಾಗ ಪಟ್ಟಿ 5ರ ಎಡಭಾಗ. ಅದು ಇನ್‌ಪುಟ್, ಸರ್ಕ್ಯೂಟಿನ ಅತಿ ಸೂಕ್ಷ್ಮ ಭಾಗ. ಅದರ ಮೇಲಿನ ಪಟ್ಟಿ ಪಿನ್ 2, ಕೆಳಗಿನದು ಪಿನ್ 4. ಎರಡೂ ಗ್ರೌಂಡ್. ಅಂದ್ರೆ ಇನ್‌ಪುಟ್ ಪಟ್ಟಿಗೆ ಎರಡೂ ಬದಿಯಲ್ಲಿ ಗ್ರೌಂಡ್ ಪಟ್ಟಿಯ ಕಾವಲು ತಾನಾಗಿಯೇ ಸಿಕ್ಕಿತು. ಸ್ಟ್ರಿಪ್‌ಬೋರ್ಡ್‌ಗೆಂದೇ ಈ ಐಸಿ ಮಾಡಿದ ಹಾಗಿದೆ.

ಜಂಪರ್‌ಗಳು ಐದು. ಎಡಕ್ಕೆ ಮೂರು: ಪಟ್ಟಿ 4ರಿಂದ 6ಕ್ಕೆ, 6ರಿಂದ 9ಕ್ಕೆ, 2ರಿಂದ 3ಕ್ಕೆ. ಐಸಿಯ ಬಲಕ್ಕೆ ಒಂದು: ಪಟ್ಟಿ 5ರಿಂದ 1ಕ್ಕೆ. ಅದು ಪಿನ್ 6ಕ್ಕೆ ಪ್ಲಸ್ ತರುತ್ತದೆ. ಐದನೆಯದನ್ನು ಆಮೇಲೆ ಹೇಳುತ್ತೇನೆ.

ಗೇನ್ ಕೆಪಾಸಿಟರ್ ಪಿನ್ 1 ಮತ್ತು 8ರ ನಡುವೆ ಬರಬೇಕು. ಆ ಎರಡೂ ಒಂದೇ ಪಟ್ಟಿಯ ಎರಡು ತುಂಡು, ನಡುವೆ ಐಸಿ ಕೂತಿದೆ. ಅದನ್ನು ಹಾರಿಸಿ ಕಾಲು ಬಗ್ಗಿಸಿ ಹಾಕಬಹುದು, ಆದರೆ ಚೆನ್ನಾಗಿರೋದಿಲ್ಲ. ಅದಕ್ಕೇ ಪಟ್ಟಿ 2. ಎಡಗಡೆ ಪಟ್ಟಿ 3ರಿಂದ ಪಟ್ಟಿ 2ಕ್ಕೆ ಜಂಪರ್ ಹಾಕಿದ ಮೇಲೆ, ಪಿನ್ 1 ಐಸಿಯ ಮೇಲಿಂದ ಬಲಗಡೆಗೆ ಬಂದುಬಿಟ್ಟಿತು. ಈಗ ಬಲಕ್ಕೆ ಪಟ್ಟಿ 2 ಮತ್ತು 3ರ ನಡುವೆ ಕೆಪಾಸಿಟರ್ ನಿಲ್ಲಿಸಿ. ಚಿಕ್ಕ 10 ಮೈಕ್ರೋಫ್ಯಾರಡ್‌ನ ಕಾಲುಗಳ ಅಂತರ ಎರಡು, ಎರಡೂವರೆ ಮಿ.ಮೀ. ಪಕ್ಕಪಕ್ಕದ ಪಟ್ಟಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಪ್ಲಸ್ ಕಾಲು ಪಟ್ಟಿ 2ಕ್ಕೆ, ಅಂದ್ರೆ ಪಿನ್ 1ರ ಕಡೆಗೆ. ಮೈಮೇಲೆ ಪಟ್ಟೆ ಇರುವ ಮೈನಸ್ ಕಾಲು ಪಟ್ಟಿ 3ಕ್ಕೆ. ಈ ಕೆಪಾಸಿಟರ್ ಇದ್ದರೆ ಗೇನ್ 200, ಇಲ್ಲದಿದ್ದರೆ 20. ಮೊಬೈಲ್‌ನಿಂದ ಹಾಡು ಕೇಳಲು 20 ಧಾರಾಳ. ಮೈಕ್ ಹಾಕುವುದಾದರೆ 200.

ಪಟ್ಟಿ 2ಕ್ಕೆ ಬಲಗಡೆ ಇನ್ನೂ ಉದ್ದ ಉಳಿದಿದೆಯಲ್ಲ, ಅದನ್ನು ಹಾಳುಮಾಡಬಾರದು. 10 ಮೈಕ್ರೋ ದಾಟಿದ ಮೇಲೆ ಒಂದು ಕಟ್ ಕೊಡಿ, ಇದು ಐದನೇ ಕಟ್. ಬಲತುದಿಯ ತುಂಡನ್ನು ಕವರ್ ಇರುವ ವೈರ್‌ನಿಂದ ಪಟ್ಟಿ 9ಕ್ಕೆ ಸೇರಿಸಿ, ಇದು ಐದನೇ ಜಂಪರ್. ಈಗ ಪ್ಲಸ್ ಮತ್ತು ಗ್ರೌಂಡ್ ಪಕ್ಕಪಕ್ಕ ಬಂದವು. 100 ಮೈಕ್ರೋಫ್ಯಾರಡ್ ಅವೆರಡರ ನಡುವೆ ನಿಲ್ಲುತ್ತದೆ. ಒಂದೇ ಪಟ್ಟಿಗೆ ಎರಡು ಕೆಲಸ ಕೊಡೋದು ಹೀಗೆ. ಬೋರ್ಡ್ ಚಿಕ್ಕದಾಗೋದು ಇಂಥ ಕಡೆಯೇ.

ಉಳಿದದ್ದು ಸಲೀಸು. 220 ಮೈಕ್ರೋ ಪಟ್ಟಿ 6ರ ಬಲಭಾಗದಿಂದ 7ಕ್ಕೆ, ಪ್ಲಸ್ ಕಾಲು 6ರ ಕಡೆಗೆ. 47 ನ್ಯಾನೋ ಪಟ್ಟಿ 6ರಿಂದ 8ಕ್ಕೆ, 5 ಮಿ.ಮೀ. ಕಾಲಂತರದ ಕೆಪಾಸಿಟರ್ ಎರಡು ಪಟ್ಟಿ ದಾಟಿ ಸರಿಯಾಗಿ ಇಳಿಯುತ್ತದೆ. 10 ಓಮ್ ಪಟ್ಟಿ 8ರಿಂದ 9ಕ್ಕೆ, ನಿಲ್ಲಿಸಿ. 100 ನ್ಯಾನೋ ಡಿಸ್ಕನ್ನು ಕಾಲು ಅಗಲಿಸಿ ಪಟ್ಟಿ 5ರ ಬಲಭಾಗದಿಂದ 9ಕ್ಕೆ, ಐಸಿಗೆ ಆದಷ್ಟು ಹತ್ತಿರ.

ಗ್ರೌಂಡ್ ಪಟ್ಟಿಯಲ್ಲಿ ಯಾರು ಎಲ್ಲಿ ಅನ್ನೋದೂ ಮುಖ್ಯ. ಬ್ಯಾಟರಿಯ ಮೈನಸ್ ಬಲತುದಿಗೆ, ಅದರ ಪಕ್ಕ ಸ್ಪೀಕರ್. ಇನ್‌ಪುಟ್‌ನ ಗ್ರೌಂಡ್ ಎಡತುದಿಗೆ. ಸ್ಪೀಕರ್‌ನ ಕರೆಂಟ್ ದೊಡ್ಡದು, ಅದು ಬಲಗಡೆಯೇ ಬ್ಯಾಟರಿಗೆ ಹಿಂದಿರುಗಿ ಹೋಗುತ್ತದೆ. ಇನ್‌ಪುಟ್‌ನ ದಾರಿಗೆ ಅಡ್ಡ ಬರೋದಿಲ್ಲ. ಇದನ್ನು ತಿರುಗುಮುರುಗು ಮಾಡಿದರೆ ಗೇನ್ 200 ಇರುವಾಗ ಸ್ಪೀಕರ್ ಕೂಗಲು ಶುರುಮಾಡಬಹುದು. ಚಿತ್ರದಲ್ಲಿ ಗ್ರೌಂಡ್ ಎಲ್ಲ ಕಡೆ ಒಂದೇ. ಬೋರ್ಡ್ ಮೇಲೆ ಹಾಗಲ್ಲ.

ಇದೇ ಕೆಲಸ 555ಕ್ಕೆ ಮಾಡುವಾಗ ಒಂದು ಎಚ್ಚರ. ಅದರ ಪಿನ್ 1 ಗ್ರೌಂಡ್, ಪಿನ್ 8 ಪ್ಲಸ್. ಎರಡೂ ಒಂದೇ ಪಟ್ಟಿಯ ಮೇಲೆ ಎದುರುಬದುರು ಬರುತ್ತವೆ. ಆ ಒಂದು ಕಟ್ ಮರೆತರೆ ಬ್ಯಾಟರಿ ನೇರ ಶಾರ್ಟ್. ಸತತವಾಗಿ ಮಿಣುಕುವ ಸರ್ಕ್ಯೂಟ್‌ನಲ್ಲಿ ಪಿನ್ 2 ಮತ್ತು 6 ಸೇರಬೇಕು, ಅವು ಓರೆಯಾಗಿ ಕೂತಿವೆ. ಆ ಜಂಪರನ್ನು ಐಸಿ ಸಾಕೆಟ್‌ನ ಹೊಟ್ಟೆಯ ಕೆಳಗೆ ಮೊದಲೇ ಹಾಕಿಬಿಟ್ಟರೆ ಜಾಗ ಉಳಿಯುತ್ತದೆ.

ಮಲಗಿಸೋದಾ, ನಿಲ್ಲಿಸೋದಾ

ಕಾಲು ವಾಟ್ ರೆಸಿಸ್ಟರ್‌ನ ಮೈ ಆರೂವರೆ ಮಿ.ಮೀ. ಹತ್ತಿರ ಇರುತ್ತದೆ. ಮಲಗಿಸಬೇಕಾದರೆ ನಾಲ್ಕು ಪಟ್ಟಿ ದಾಟಿಸಿ, ಅಂದ್ರೆ 10 ಮಿ.ಮೀ. ಮೂರು ಪಟ್ಟಿಯೂ ಸಾಕಾಗುತ್ತದೆ, ಆದರೆ ಕಾಲನ್ನು ಮೈಗೆ ಅಂಟಿಕೊಂಡೇ ಬಗ್ಗಿಸಬೇಕು, ಅದು ಒಳ್ಳೆಯದಲ್ಲ. ನಿಲ್ಲಿಸಿದರೆ ಪಕ್ಕದ ಪಟ್ಟಿಗೇ ಕೂರುತ್ತದೆ. ಮಲಗಿಸಿದ ಬೋರ್ಡ್ ನೋಡಲು ಚೆಂದ, ಬಣ್ಣದ ಗೆರೆ ಓದಲು ಸುಲಭ. ಜಾಗ ಇದ್ದರೆ ಮಲಗಿಸಿ. ನಿಲ್ಲಿಸುವುದಾದರೆ ಮೇಲಿನ ಉದ್ದ ಕಾಲಿಗೆ ಸ್ಲೀವ್ ತೊಡಿಸಿ, ಪಕ್ಕದವರಿಗೆ ತಾಗದಿರಲಿ.

ಇನ್ನು ಪಟ್ಟಿ ಕಟ್ ಮಾಡಲು ಮೂರು ದಾರಿ ಇವೆ. ಅದಕ್ಕೆಂದೇ ಬರುವ ಸ್ಪಾಟ್ ಫೇಸ್ ಕಟರ್ ಚೆನ್ನಾಗಿದೆ, ಸಿಕ್ಕರೆ ತೆಗೆದುಕೊಳ್ಳಿ. ಸಿಗದಿದ್ದರೆ 3.5 ಅಥವಾ 4 ಮಿ.ಮೀ. ಡ್ರಿಲ್ ಬಿಟ್, ಬರಿಗೈಯಲ್ಲಿ ಹಿಡಿದು ತೂತಿನ ಮೇಲಿಟ್ಟು ತಿರುಗಿಸಿ. ಡ್ರಿಲ್ ಮೆಷಿನ್ ಬೇಡ, ಕ್ಷಣದಲ್ಲಿ ಬೋರ್ಡನ್ನೇ ಕೊರೆದುಬಿಡುತ್ತದೆ. ಪ್ಲಾಸ್ಟಿಕ್ ಹಿಡಿ ಸಿಕ್ಕಿಸಿದ ಬಿಟ್ ಕೈಗೆ ನೋವು ಮಾಡೋದಿಲ್ಲ. ಎರಡು ತೂತುಗಳ ನಡುವೆ ಬ್ಲೇಡ್‌ನಿಂದ ಕಡಿಯೋದು ಮೂರನೇ ದಾರಿ, ತೂತು ಉಳಿಯುತ್ತದೆ ಅನ್ನೋದು ಲಾಭ. ಆದರೆ ಎರಡು ಗೀರು ಹಾಕಿ ನಡುವಿನ ತಾಮ್ರವನ್ನು ಎಬ್ಬಿಸಿ ತೆಗೆಯಬೇಕು, ಬರೀ ಒಂದು ಗೀರು ಸಾಲದು. ಜಾಗ ತೀರಾ ಕಡಿಮೆ ಇದ್ದರೆ ಮಾತ್ರ ಈ ದಾರಿ.

ಕಡಿಯುವಾಗ ಬೋರ್ಡ್ ಮಗುಚಿರುತ್ತದೆ. ಎಡ ಬಲವಾಗುತ್ತದೆ. ಚಿತ್ರವನ್ನು ತಲೆಯಲ್ಲೇ ತಿರುಗಿಸಿಕೊಳ್ಳಲು ಹೋಗಬೇಡಿ. ಭಾಗಗಳ ಕಡೆಯಿಂದ ಕಟ್ ಬರಬೇಕಾದ ತೂತಿಗೆ ಒಂದು ಸಣ್ಣ ವೈರ್ ತುಂಡು ತೂರಿಸಿ, ಹಿಂದೆ ತಿರುಗಿಸಿ, ಅದು ಹೊರಬಂದ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. ಐದೂ ಗುರುತು ಹಾಕಿ, ಚಿತ್ರದ ಜೊತೆ ಎಣಿಸಿ ತಾಳೆ ನೋಡಿದ ಮೇಲೆಯೇ ಬಿಟ್ ಕೈಗೆ ತಗೊಳ್ಳಿ.

ಬೆಸುಗೆಯ ಸರದಿ: ಮೊದಲು ಜಂಪರ್, ಆಮೇಲೆ ಮಲಗಿದ ರೆಸಿಸ್ಟರ್, ಸಾಕೆಟ್, ಕೊನೆಗೆ ಎತ್ತರದ ಕೆಪಾಸಿಟರ್. ಐಸಿಯನ್ನು ನೇರವಾಗಿ ಬೆಸೆಯಬೇಡಿ, ಸಾಕೆಟ್ ಹಾಕಿ.

ಪವರ್ ಕೊಡುವ ಮೊದಲು

ಪಟ್ಟಿ ಪಟ್ಟಿಗಳ ನಡುವೆ ಬ್ಲೇಡ್‌ನ ತುದಿಯನ್ನು ಒಮ್ಮೆ ಎಳೆಯಿರಿ. ಕಣ್ಣಿಗೆ ಕಾಣದ ಸೋಲ್ಡರ್ ಎಳೆಗಳು ಹೋಗುತ್ತವೆ. ಕಟ್ ಮಾಡಿದ ಜಾಗದ ಅಂಚಿನಲ್ಲಿ ಕೂದಲಿನಂಥ ತಾಮ್ರದ ಚೂರು ಉಳಿದಿರುತ್ತದೆ, ಅದನ್ನು ಬೆಳಕಿಗೆ ಹಿಡಿದು ನೋಡಿ. ಮಲ್ಟಿಮೀಟರನ್ನು ಬೀಪ್ ಶಬ್ದಕ್ಕೆ ಇಟ್ಟು ಪ್ರತಿ ಎರಡು ಪಕ್ಕದ ಪಟ್ಟಿಗಳನ್ನೂ, ಪ್ರತಿ ಕಟ್‌ನ ಎರಡು ಬದಿಯನ್ನೂ ಮುಟ್ಟಿಸಿ. ನೀವೇ ಜಂಪರ್ ಹಾಕಿದ ಕಡೆ ಮತ್ತು 10 ಓಮ್ ಇರುವ ಪಟ್ಟಿ 8, 9ರ ನಡುವೆ ಬಿಟ್ಟು ಬೇರೆಲ್ಲೂ ಶಬ್ದ ಬರಬಾರದು. ಕೆಪಾಸಿಟರ್ ಇರುವ ಕಡೆ ಒಂದು ಕ್ಷಣ ಬೀಪ್ ಬಂದು ನಿಂತರೆ ಅದು ಸರಿ.

ಐಸಿ ಹಾಕದೆ ಬ್ಯಾಟರಿ ಕೊಡಿ. ಸಾಕೆಟ್‌ನ 6ನೇ ಪಿನ್‌ಗೂ 4ಕ್ಕೂ ನಡುವೆ 9 ವೋಲ್ಟ್ ಬರಬೇಕು, 3ನೇ ಪಿನ್‌ನಲ್ಲಿ ಏನೂ ಇರಬಾರದು. ಬ್ಯಾಟರಿ ಬಿಚ್ಚಿ, ಐಸಿ ಕೂರಿಸಿ, ಈ ಸಲ ಮೀಟರನ್ನು ಮಿಲಿ ಆಂಪಿಯರ್‌ಗೆ ಇಟ್ಟು ಬ್ಯಾಟರಿಯ ಪ್ಲಸ್ ವೈರ್ ನಡುವೆ ಸೇರಿಸಿ. ಇನ್‌ಪುಟ್ ಏನೂ ಇಲ್ಲದಾಗ 4 ಮಿಲಿ ಆಂಪಿಯರ್ ಆಸುಪಾಸು ತೋರಿಸಬೇಕು. 10 ದಾಟಿದರೆ ತಕ್ಷಣ ಬಿಚ್ಚಿ. ಕಟ್ಟೋ ಬೆಸುಗೆಯೋ ಎಲ್ಲೋ ತಪ್ಪಿದೆ. ಕರೆಂಟ್ ಸರಿ ಇದ್ದರೆ 5ನೇ ಪಿನ್‌ನ ವೋಲ್ಟೇಜ್ ನೋಡಿ. ಬ್ಯಾಟರಿಯ ಅರ್ಧ, ಅಂದ್ರೆ ನಾಲ್ಕೂವರೆ ವೋಲ್ಟ್ ಹತ್ತಿರ ಬಂದರೆ ಐಸಿ ಆರೋಗ್ಯವಾಗಿದೆ. ಆಮೇಲೆ ವಾಲ್ಯೂಮ್ ಪೂರ್ತಿ ಇಳಿಸಿ ಸ್ಪೀಕರ್ ಸೇರಿಸಿ.